ನಿಲ್ಲಬಲ್ಲವನು ಗೆಲ್ಲುವ ಓಟ

ಕಾಡಿನಲ್ಲಿ ದಾರಿ ತಪ್ಪುವುದು ಎಂಥವರಿಗೂ ತಪ್ಪಿದ್ದಲ್ಲ. ತಪ್ಪಿದ ದಾರಿಯನ್ನು ಬೇಗನೆ ಒಪ್ಪಿಕೊಳ್ಳುವ ವಿದ್ಯೆಯನ್ನೇ ಒಂದು ಪಂದ್ಯವಾಗಿ ಬೆಳೆಸಿದವರ ಕಥೆ ಇದು.

ಓಟದ ಪಂದ್ಯ ಹೇಗಿರುತ್ತದೆಂಬುದನ್ನು ಯಾರಿಗೂ ವಿವರಿಸಬೇಕಾದುದಿಲ್ಲ. ಸುಣ್ಣದ ಗೆರೆ ಎಳೆದ ಮೈದಾನ, ಪಿಸ್ತೂಲಿನ ಸದ್ದು, ಸುತ್ತಲೂ ಕೂಗಿ ಹುರಿದುಂಬಿಸುವ ಜನ. ಓಟಗಾರನು ಹೋಗಬೇಕಾದ ದಾರಿ ಅವನ ಕಣ್ಣೆದುರಿಗೇ ಇರುವುದು. ಕಾಲು ಗಟ್ಟಿಯಾಗಿದ್ದರೆ, ಉಸಿರು ನಿಂತರೆ ಸಾಕು, ಗೆಲುವು ಅವನದು. ನಡುದಾರಿಯಲ್ಲಿ ನಿಂತವನು ಸೋತನೆಂದೇ ಅರ್ಥ.

ಸ್ವೀಡನ್, ನಾರ್ವೆ, ಫಿನ್‌ಲೆಂಡ್ ದೇಶಗಳ ಪೈನ್ ಮತ್ತು ಸ್ಪ್ರೂಸ್ ಮರಗಳ ಕಾಡಿನಲ್ಲಿ ನಡೆಯುವ ಒಂದು ಓಟದ ಧರ್ಮವೇ ಬೇರೆ. ಅಲ್ಲಿ ಗೆರೆಯಿಲ್ಲ, ದಾರಿಯಿಲ್ಲ, ಬಹುಪಾಲು ನೋಡುವವರೂ ಇಲ್ಲ. ಒಂದು ಕೈಯಲ್ಲಿ ನಕ್ಷೆ, ಇನ್ನೊಂದು ಕೈಯಲ್ಲಿ ದಿಕ್ಸೂಚಿ ಹಿಡಿದ ಸ್ಪರ್ಧಿ ಬಂಡೆಗಳನ್ನು ಏರಿ, ಜೌಗನ್ನು ಹಾಯ್ದು, ಬಿದ್ದ ಮರಗಳನ್ನು ಜಿಗಿದು ಓಡುತ್ತಿರುತ್ತಾನೆ. ಓಡುತ್ತಿದ್ದವನು ಒಮ್ಮೊಮ್ಮೆ ಥಟ್ಟನೆ ನಿಂತುಬಿಡುವುದುಂಟು. ನಕ್ಷೆಯನ್ನು ತಿರುಗಿಸಿ ನೋಡುತ್ತಾನೆ, ಸುತ್ತಲಿನ ನೆಲವನ್ನು ನೋಡುತ್ತಾನೆ. ಗಡಿಯಾರ ಓಡುತ್ತಲೇ ಇರುತ್ತದೆ. ಹಾಗೆ ಕಳೆದ ಅರ್ಧ ನಿಮಿಷವೇ ಅವನಿಗೆ ಪದಕವನ್ನು ತಂದುಕೊಟ್ಟರೆ ಆಶ್ಚರ್ಯವಿಲ್ಲ. ಇಲ್ಲಿ ಕೆಡುವವನು ಬಹುಮಟ್ಟಿಗೆ ನಿಲ್ಲಲಾರದವನು.

ಆಟದ ನಿಯಮ

ಈ ಕ್ರೀಡೆಗೆ ಓರಿಯೆಂಟಿಯರಿಂಗ್ ಎಂದು ಹೆಸರು. ದಿಕ್ಕನ್ನೂ ನೆಲೆಯನ್ನೂ ಕಂಡುಕೊಂಡು ಮುಂದೆ ಸಾಗುವುದೆಂದು ಅದರ ತಾತ್ಪರ್ಯ. ಓಟ ಆರಂಭವಾಗುವ ಕ್ಷಣದಲ್ಲಿಯೇ ಸ್ಪರ್ಧಿಯ ಕೈಗೆ ನಕ್ಷೆ ದೊರೆಯುವುದು. ಅದಕ್ಕೂ ಮೊದಲು ಅಂದಿನ ಮಾರ್ಗವನ್ನು ನೋಡುವ ಅವಕಾಶವಿಲ್ಲ. ನಕ್ಷೆಯಲ್ಲಿ ಕಾಣುವ ತ್ರಿಕೋನ ಹೊರಡುವ ಸ್ಥಳ. ಅಲ್ಲಿಂದ ಮುಂದೆ ಅಂಕಿ ಹಾಕಿದ ವೃತ್ತಗಳು. ಒಂದೊಂದು ವೃತ್ತದ ನಡುವೆಯೂ ಒಂದು ಬಂಡೆಯೋ, ದಿಬ್ಬವೋ, ಹಳ್ಳದ ತಿರುವೋ ಇರುವುದು. ಅಲ್ಲಿಗೆ ಹೋದರೆ ಕಿತ್ತಳೆ ಮತ್ತು ಬಿಳಿ ಬಣ್ಣದ ಬಟ್ಟೆಯ ಮೂರು ಮುಖದ ಗುರುತೊಂದು ತೂಗುತ್ತಿರುತ್ತದೆ. ಅದರ ಒಂದೊಂದು ಮುಖವೂ 30 ಸೆಂಟಿಮೀಟರು ಚೌಕ. ಇದನ್ನು ಆಟಗಾರರು ‘ಕಂಟ್ರೋಲ್’ ಎನ್ನುವರು. ‘ನೆಲೆ’ ಎಂದರೆ ನಮಗೆ ಸಾಕು. ಎಲ್ಲ ನೆಲೆಗಳನ್ನೂ ಕೊಟ್ಟ ಕ್ರಮದಲ್ಲಿಯೇ ಮುಟ್ಟಿ, ಜೋಡಿ ವೃತ್ತದ ಗುರುತಿರುವ ಅಂತ್ಯಸ್ಥಾನವನ್ನು ಸೇರಬೇಕು.

ನೆಲೆಯನ್ನು ಮುಟ್ಟಿದ್ದಕ್ಕೆ ಸಾಕ್ಷ್ಯ ಬೇಡವೇ? ಹಿಂದೆ ಪ್ರತಿ ನೆಲೆಯಲ್ಲಿಯೂ ಸಣ್ಣ ಮುಳ್ಳುಗಳುಳ್ಳ ಚಿಮಟವೊಂದನ್ನು ಕಟ್ಟಿರುತ್ತಿದ್ದರು. ಸ್ಪರ್ಧಿ ಅದರಿಂದ ತನ್ನ ಚೀಟಿಗೆ ತೂತು ಹಾಕಿಕೊಳ್ಳಬೇಕಾಗಿತ್ತು. 1990ರ ದಶಕದಿಂದ ಈಚೆಗೆ ಆ ಕೆಲಸವನ್ನು ವಿದ್ಯುನ್ಮಾನ ಉಪಕರಣ ಮಾಡುತ್ತಿದೆ. ನಿಯಮ ಮಾತ್ರ ಸಡಿಲವಾಗಿಲ್ಲ. ಒಂದು ನೆಲೆಯನ್ನು ಬಿಟ್ಟರೂ, ಪಕ್ಕದಲ್ಲಿ ಬೇರೆಯವರಿಗಾಗಿ ಇಟ್ಟ ನೆಲೆಯನ್ನು ತನ್ನದೆಂದು ಭ್ರಮಿಸಿದರೂ ಇಡೀ ಓಟ ರದ್ದಾಗುವುದು.

ಒಂದು ನೆಲೆಯಿಂದ ಮತ್ತೊಂದಕ್ಕೆ ಹೇಗೆ ಹೋಗಬೇಕೆಂಬುದು ಸ್ಪರ್ಧಿಯ ಇಷ್ಟ. ಗುಡ್ಡವನ್ನು ನೇರವಾಗಿ ಏರಿ ಇಳಿಯಬಹುದು. ಸುತ್ತು ಬಳಸಿ ಕಾಲುದಾರಿಯನ್ನು ಹಿಡಿಯಬಹುದು. ಯಾವುದು ಲಾಭವೆಂಬುದನ್ನು ಓಡುತ್ತಲೇ ತೀರ್ಮಾನಿಸಬೇಕು. ನಾಡಿ ಮಿತಿಮೀರಿ ಬಡಿಯುತ್ತಿರುವಾಗ, ಬೆವರು ಕಣ್ಣಿಗಿಳಿಯುತ್ತಿರುವಾಗ ಗಣಿತದ ಲೆಕ್ಕವೊಂದನ್ನು ಬಿಡಿಸುವಂಥ ಕೆಲಸ ಅದು.

ಸೈನಿಕರಿಂದ ಸಂಸಾರಿಗಳಿಗೆ

ಈ ಓಟ ಹುಟ್ಟಿದ್ದು ಸೈನ್ಯದಲ್ಲಿ. ನಕ್ಷೆಯ ನೆರವಿನಿಂದ ಅಪರಿಚಿತ ನೆಲವನ್ನು ದಾಟುವುದೆಂಬ ಅರ್ಥದಲ್ಲಿ ಈ ಹೆಸರು 1886ರಲ್ಲಿ ಸ್ವೀಡನ್ನಿನ ಸೈನಿಕ ವಿದ್ಯಾಲಯದಲ್ಲಿ ಬಳಕೆಗೆ ಬಂದಿತು. ಸಾಮಾನ್ಯ ಜನರಿಗಾಗಿ ನಡೆದ ಮೊದಲನೆಯ ಪಂದ್ಯದ ಕೀರ್ತಿ ಮಾತ್ರ ನಾರ್ವೆಗೆ ಸೇರಿದ್ದು. 1897ರ ಅಕ್ಟೋಬರ್ 31ರಂದು ಇಂದಿನ ಓಸ್ಲೋ ನಗರದ ಬಳಿ ಎಂಟು ಮಂದಿ ಓಡಿದರು. ದೂರ ಹತ್ತೊಂಬತ್ತೂವರೆ ಕಿಲೋಮೀಟರು. ನೆಲೆಗಳು ಮೂರೇ ಮೂರು. ಪೇಡರ್ ಫೋಸ್ಸುಮ್ ಎಂಬಾತನು 1 ಗಂಟೆ 47 ನಿಮಿಷ 7 ಸೆಕೆಂಡುಗಳಲ್ಲಿ ಮುಗಿಸಿ ಗೆದ್ದನು.

ಇದನ್ನು ಜನತೆಯ ಆಟವನ್ನಾಗಿ ಮಾಡಿದವನು ಏರ್ನ್‌ಸ್ಟ್ ಕಿಲ್ಲಾಂಡರ್ ಎಂಬ ಸ್ವೀಡನ್ನಿನ ಮೇಜರು. ಆತನು ಸ್ಕೌಟ್ ಚಳವಳಿಯ ನಾಯಕನೂ ಆಗಿದ್ದನು. ಓಟದ ಪಂದ್ಯಗಳಲ್ಲಿ ತರುಣರ ಆಸಕ್ತಿ ಕುಗ್ಗುತ್ತಿದ್ದುದನ್ನು ಕಂಡು, ಕಾಡನ್ನೇ ಮೈದಾನವನ್ನಾಗಿ ಮಾಡಿದರೆ ಹೇಗೆಂದು ಯೋಚಿಸಿದನು. 1919ರ ಮಾರ್ಚ್ 25ರಂದು ಸ್ಟಾಕ್‌ಹೋಮಿನ ಹೊರವಲಯದಲ್ಲಿ ಆತನು ಏರ್ಪಡಿಸಿದ ಪಂದ್ಯಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಂದರು. 1930ರ ದಶಕದಲ್ಲಿ ಪಾರದರ್ಶಕ ತಳಹಲಗೆಯುಳ್ಳ, ದ್ರವ ತುಂಬಿದ ಹೊಸ ಬಗೆಯ ದಿಕ್ಸೂಚಿ ಸ್ವೀಡನ್ನಿನಲ್ಲಿ ತಯಾರಾಯಿತು. ಹಳೆಯ ಸೂಜಿ ಬಹಳ ಹೊತ್ತು ತೂಗಾಡುತ್ತಿದ್ದರೆ ಇದರ ಸೂಜಿ ಬೇಗನೆ ನಿಲ್ಲುತ್ತಿತ್ತು. 1961ರಲ್ಲಿ ಹತ್ತು ದೇಶಗಳು ಕೋಪನ್‌ಹೇಗನ್ನಿನಲ್ಲಿ ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. 1966ರಲ್ಲಿ ಫಿನ್‌ಲೆಂಡಿನ ಫಿಸ್ಕಾರ್ಸ್‌ನಲ್ಲಿ ಮೊದಲನೆಯ ವಿಶ್ವಚಾಂಪಿಯನ್‌ಷಿಪ್ ನಡೆಯಿತು. ಗಂಡಸರಲ್ಲಿ ನಾರ್ವೆಯ ಓಗೆ ಹಾಡ್ಲರ್, ಹೆಂಗಸರಲ್ಲಿ ಸ್ವೀಡನ್ನಿನ ಉಲ್ಲಾ ಲಿಂಡ್‌ಕ್ವಿಸ್ಟ್ ಅಂದಿನ ವಿಜೇತರು.

ನೆಲದ ಲಿಪಿ

ತಪ್ಪುಗಳ ಕಥೆಗೆ ಹೋಗುವ ಮೊದಲು ನಕ್ಷೆಯ ವಿಚಾರವನ್ನು ಸ್ವಲ್ಪ ತಿಳಿದಿರಬೇಕು. ಹೆಚ್ಚಿನ ತಪ್ಪುಗಳೆಲ್ಲ ಅದನ್ನು ಓದುವುದರಲ್ಲಿಯೇ ಹುಟ್ಟುತ್ತವೆ.

ದೂರದ ಓಟಗಳಲ್ಲಿ ಬಳಸುವ ನಕ್ಷೆಯ ಪ್ರಮಾಣ 15,000ಕ್ಕೆ ಒಂದು. ಎಂದರೆ ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲೆ 150 ಮೀಟರು. ನೀರು ನೀಲಿ, ಬಂಡೆ, ದಾರಿ, ಕಟ್ಟಡಗಳು ಕಪ್ಪು, ಬಯಲು ಹಳದಿ. ಹೊಸಬರು ಎಡವುವುದು ಹಸಿರು ಮತ್ತು ಬಿಳಿ ಬಣ್ಣಗಳಲ್ಲಿ. ಹಸಿರೆಂದರೆ ಹಿತವಾದ ಹುಲ್ಲುಗಾವಲೆಂದೂ ಬಿಳಿಯೆಂದರೆ ಬರಿಯ ಬಯಲೆಂದೂ ಅವರು ಭಾವಿಸುವರು. ಈ ನಕ್ಷೆಯಲ್ಲಿ ಬಿಳಿಯೆಂದರೆ ಸರಾಗವಾಗಿ ಓಡಬಹುದಾದ ಒಳ್ಳೆಯ ಕಾಡು. ಹಸಿರು ದಟ್ಟವಾದಷ್ಟೂ ಪೊದೆ ದಟ್ಟವಾಗುತ್ತ ಹೋಗಿ, ಕೊನೆಗೆ ಕಾಲಿಡಲೂ ಬಾರದಂತಾಗುವುದು.

ಎಲ್ಲಕ್ಕಿಂತ ಮುಖ್ಯವಾದವು ಕಂದು ಬಣ್ಣದ ಸಮೋನ್ನತ ರೇಖೆಗಳು. ಒಂದೇ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಸೇರಿಸಿ ಎಳೆದ ಗೆರೆಗಳಿವು. ಸಾಮಾನ್ಯವಾಗಿ ಒಂದು ಗೆರೆಗೂ ಇನ್ನೊಂದಕ್ಕೂ ಐದು ಮೀಟರು ಎತ್ತರದ ಅಂತರ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ವಿರಳವಾಗಿದ್ದರೆ ತಗ್ಗಿದ ಇಳಿಜಾರು. ಪಳಗಿದ ಓಟಗಾರನು ನಂಬುವುದು ಈ ಗೆರೆಗಳನ್ನೇ. ಮರ ಬಿದ್ದುಹೋಗಬಹುದು, ಕಾಲುದಾರಿ ಅಳಿಸಿಹೋಗಬಹುದು. ನೆಲದ ಉಬ್ಬುತಗ್ಗು ಅಷ್ಟು ಸುಲಭವಾಗಿ ಮಾರ್ಪಡುವುದಿಲ್ಲ.

ತಾನು ಹಿಡಿದ ಮೊಲ

ಇನ್ನು ತಪ್ಪು ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ಒಬ್ಬ ಓಟಗಾರನನ್ನು ಊಹಿಸಿಕೊಳ್ಳಬಹುದು. ಮೊದಲ ಮೂರು ನೆಲೆಗಳು ಅವನಿಗೆ ಸಲೀಸಾಗಿ ಸಿಕ್ಕಿವೆ. ಕಾಲಿಗೆ ಹುರುಪು ಬಂದಿದೆ. ನಾಲ್ಕನೆಯ ನೆಲೆ ಅರ್ಧ ಕಿಲೋಮೀಟರು ದೂರದಲ್ಲಿ, ಒಂದು ಸಣ್ಣ ಗುಡ್ಡದ ಆಚೆಯ ಕಣಿವೆಯಲ್ಲಿ, ಒಂದು ಬಂಡೆಯ ಬುಡದಲ್ಲಿದೆ. ಅವನು ದಿಕ್ಸೂಚಿಯನ್ನು ಒಮ್ಮೆ ನೋಡಿ ಓಡುತ್ತಾನೆ. ಆದರೆ ಹಿಡಿದ ದಿಕ್ಕು ಐದು ಡಿಗ್ರಿಯಷ್ಟು ಓರೆಯಾಗಿದೆ. ಐದು ಡಿಗ್ರಿ ಎಂದರೆ ಎಷ್ಟು ಮಹಾ ಎನ್ನಿಸಬಹುದು. ಐನೂರು ಮೀಟರು ಓಡಿದ ಮೇಲೆ ಅದು ನಲವತ್ತು ಮೀಟರಿಗೂ ಮೀರಿದ ಅಂತರವಾಗುವುದು. ಕಾಡಿನಲ್ಲಿ ಇಪ್ಪತ್ತು ಮೀಟರು ಆಚೆಗಿನ ಗುರುತೂ ಕಣ್ಣಿಗೆ ಬೀಳದೆ ಹೋಗಬಹುದು.

ಇಷ್ಟಕ್ಕೇ ಆದರೆ ಚಿಂತೆಯಿಲ್ಲ. ಅವನು ಗುಡ್ಡವನ್ನು ದಾಟಿದಾಗ ಅಲ್ಲಿಯೂ ಒಂದು ಕಣಿವೆ ಕಾಣುತ್ತದೆ. ಅದು ಪಕ್ಕದ ಕಣಿವೆ; ತನ್ನದಲ್ಲ. ಆದರೂ ನೋಡಲು ತನ್ನದರಂತೆಯೇ ಇದೆ. ಅದರಲ್ಲಿಯೂ ಒಂದು ಬಂಡೆ ಇದೆ. ‘ಇದೇ ಇರಬೇಕು’ ಎಂದು ಮನಸ್ಸು ಹೇಳುತ್ತದೆ. ಬಂಡೆಯ ಬುಡದಲ್ಲಿ ಗುರುತಿಲ್ಲ. ‘ಇನ್ನೂ ಸ್ವಲ್ಪ ಮುಂದಿರಬೇಕು’ ಎನ್ನುತ್ತದೆ ಮನಸ್ಸು. ಮುಂದೆ ನಕ್ಷೆಯಲ್ಲಿಲ್ಲದ ಜೌಗೊಂದು ಎದುರಾಗುತ್ತದೆ. ‘ಮಳೆಯಿಂದ ನೀರು ನಿಂತಿರಬೇಕು’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ನಕ್ಷೆಯಲ್ಲಿರುವ ಕಾಲುದಾರಿ ನೆಲದ ಮೇಲೆ ಕಾಣುವುದಿಲ್ಲ. ‘ಹುಲ್ಲು ಮುಚ್ಚಿರಬೇಕು.’ ಹೀಗೆ ಒಂದೊಂದು ಸುಳಿವನ್ನೂ ತನ್ನ ನಂಬಿಕೆಗೆ ಹೊಂದುವಂತೆ ಬಗ್ಗಿಸುತ್ತ ಅವನು ಓಡುತ್ತಲೇ ಇರುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಓರಿಯೆಂಟಿಯರಿಂಗ್ ಬಲ್ಲವರು ಇದನ್ನು ‘ಸಮಾಂತರ ದೋಷ’ ಎನ್ನುವರು. ನಿಜವಾದ ಸ್ಥಳದ ಪಕ್ಕದಲ್ಲಿಯೇ ಅದರಂಥ ಇನ್ನೊಂದು ಸ್ಥಳವಿರುವುದೇ ಈ ದೋಷಕ್ಕೆ ಮೂಲ. ಏನೂ ಹೊಂದದ ಜಾಗದಲ್ಲಿ ದಾರಿ ತಪ್ಪಿದವನು ಕೂಡಲೇ ಎಚ್ಚರಗೊಳ್ಳುವನು. ಅರ್ಧ ಹೊಂದಿ ಅರ್ಧ ಹೊಂದದ ಜಾಗವೇ ಅಪಾಯಕರ. ಮೊದಲು ಆದ ತಪ್ಪಿನ ಬೆಲೆ ಇಪ್ಪತ್ತು ಸೆಕೆಂಡು ಮಾತ್ರ. ಅದನ್ನು ಒಪ್ಪದೆ ಹೋದುದರ ಬೆಲೆ ಹತ್ತು ನಿಮಿಷವಾದರೂ ಆಗಬಹುದು.

ಕಾಲು ಹಾಕುವ ವೃತ್ತ

ಕಾಡಿನಲ್ಲಿ ಯಾವುದೋ ಒಂದು ಬಳ್ಳಿಯನ್ನು ದಾಟಿದವರು ದಿಕ್ಕು ತಪ್ಪಿ ಸುತ್ತಿದಲ್ಲಿಯೇ ಸುತ್ತುವರೆಂಬ ನಂಬಿಕೆ ನಮ್ಮ ಮಲೆನಾಡಿನಲ್ಲಿ ಉಂಟು. ಬಳ್ಳಿಯ ಮಾತು ಹೇಗಾದರೂ ಇರಲಿ, ಸುತ್ತುವುದು ಮಾತ್ರ ಸುಳ್ಳಲ್ಲ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೀನ್‌ವಾಲ್ಡ್ ಎಂಬ ಸಮತಟ್ಟಾದ ದೊಡ್ಡ ಕಾಡಿನಲ್ಲಿ ಆರು ಮಂದಿಗೆ ನೇರವಾಗಿ ನಡೆಯಿರೆಂದು ಹೇಳಿ, ಉಪಗ್ರಹದ ನೆರವಿನಿಂದ ಅವರ ಜಾಡನ್ನು ಗುರುತಿಸಿದರು. ಮೋಡ ಮುಚ್ಚಿದ ದಿನ ನಡೆದ ನಾಲ್ವರೂ ವೃತ್ತ ಹಾಕಿದರು. ಅವರಲ್ಲಿ ಮೂವರು ತಾವೇ ನಡೆದುಹೋದ ದಾರಿಯನ್ನು ಅರಿವಿಲ್ಲದೆಯೇ ಮತ್ತೆ ಮತ್ತೆ ದಾಟಿದರು. ಬಿಸಿಲಿದ್ದ ದಿನ ನಡೆದ ಇಬ್ಬರು ಬಹುಮಟ್ಟಿಗೆ ನೇರವಾಗಿಯೇ ಹೋದರು. ಕಣ್ಣು ಕಟ್ಟಿ ನಡೆಸಿದಾಗಲಂತೂ ಕೆಲವರು ಇಪ್ಪತ್ತು ಮೀಟರು ವ್ಯಾಸದ ವೃತ್ತದಲ್ಲಿಯೇ ತಿರುಗಿದರು.

ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಗಿರುವುದೇ ಇದಕ್ಕೆ ಕಾರಣವೆಂದು ಬಹಳ ಕಾಲದಿಂದ ಹೇಳುತ್ತಿದ್ದರು. ಆ ವಿಜ್ಞಾನಿಗಳಿಗೆ ಇದು ಸರಿಯೆಂದು ಕಾಣಲಿಲ್ಲ. ಅದೇ ವ್ಯಕ್ತಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಬಾಗುತ್ತಿದ್ದನು. ಸೂರ್ಯನಂಥ ಅಥವಾ ದೂರದ ಬೆಟ್ಟದಂಥ ಹೊರಗಿನ ಆಧಾರವಿಲ್ಲದಿದ್ದರೆ, ಮಿದುಳು ‘ನೇರ’ವೆಂದು ತಿಳಿಯುವ ದಿಕ್ಕೇ ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಕೂಡುತ್ತ ಜರುಗಿಹೋಗುವುದೆಂದು ಅವರು ತೀರ್ಮಾನಿಸಿದರು. ವೃತ್ತ ಹಾಕುವವನಿಗೆ ತಾನು ನೇರವಾಗಿ ಹೋಗುತ್ತಿರುವೆನೆಂಬ ಭಾವನೆಯೇ ಇರುವುದು. ಓಟಗಾರನ ಕೈಯಲ್ಲಿ ದಿಕ್ಸೂಚಿ ಏಕಿರಬೇಕೆಂಬುದಕ್ಕೆ ಬೇರೆ ವಿವರಣೆ ಬೇಡ. ಮನಸ್ಸಿನ ಖಾತರಿಗೂ ದಿಕ್ಕಿನ ಸತ್ಯಕ್ಕೂ ಸಂಬಂಧವಿಲ್ಲವೆಂಬುದು ಅವನ ಮೊದಲನೆಯ ಪಾಠ.

ತಪ್ಪಿಗೆ ಕಟ್ಟೆ

ನೂರಾರು ಓಟಗಳ ಪೆಟ್ಟು ತಿಂದು ಈ ಕ್ರೀಡೆಯವರು ಕೆಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಅವೆಲ್ಲ ಅತ್ಯಂತ ಸರಳವಾದವು.

ಮೊದಲನೆಯದು ಹೆಬ್ಬೆರಳಿನ ಉಪಾಯ. ನಕ್ಷೆಯನ್ನು ಮಡಿಸಿ ಹಿಡಿದು, ಈಗ ತಾನಿರುವ ಜಾಗದ ಮೇಲೆ ಹೆಬ್ಬೆರಳಿಟ್ಟು, ಓಡಿದಂತೆಲ್ಲ ಬೆರಳನ್ನು ಸರಿಸುತ್ತ ಹೋಗುವುದು. ಅಕ್ಷರ ಕಲಿಯುವ ಮಗು ಸಾಲಿನ ಮೇಲೆ ಬೆರಳಿಟ್ಟು ಓದುವಂತೆ ವಿಶ್ವವಿಜೇತರೂ ಹೀಗೆಯೇ ಓದುತ್ತಾರೆ. ನಕ್ಷೆಯ ಉತ್ತರವೂ ನೆಲದ ಉತ್ತರವೂ ಸದಾ ಒಂದೇ ಕಡೆ ಇರುವಂತೆ ಅದನ್ನು ತಿರುಗಿಸಿ ಹಿಡಿಯುವುದು ಇದರ ಜೊತೆಗಿನ ಅಭ್ಯಾಸ. ಇದನ್ನು ಮರೆತವರು ಪೂರ್ವಕ್ಕೆ ಹೋಗಬೇಕಾದಾಗ ಪಶ್ಚಿಮಕ್ಕೆ ಓಡಿದ್ದುಂಟು.

ಎರಡನೆಯದು ಹತ್ತಿರದ ಆಸರೆ. ಸಣ್ಣ ಬಂಡೆಯೊಂದನ್ನು ದೂರದಿಂದ ಹುಡುಕುವುದು ಕಷ್ಟ. ಆದ್ದರಿಂದ ಅದರ ಸಮೀಪದಲ್ಲಿರುವ ತಪ್ಪಲಾರದ ಗುರುತೊಂದನ್ನು, ಉದಾಹರಣೆಗೆ ಎರಡು ದಾರಿಗಳು ಕೂಡುವ ಜಾಗವನ್ನು, ಮೊದಲು ಮುಟ್ಟಬೇಕು. ಅಲ್ಲಿಯವರೆಗೆ ವೇಗವಾಗಿ ಓಡಬಹುದು. ಅಲ್ಲಿಂದ ಮುಂದೆ ಎಚ್ಚರದಿಂದ, ಹೆಜ್ಜೆ ಎಣಿಸಿ ಹೋಗಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ನಿಜವಾಗುವುದು ಬಹುತೇಕ ಈ ಕೊನೆಯ ನೂರು ಮೀಟರಿನಲ್ಲಿಯೇ.

ಮೂರನೆಯದು ಬಲು ಸೊಗಸಾದುದು: ಬೇಕೆಂದೇ ತಪ್ಪುವುದು. ತೊರೆಯ ದಡದಲ್ಲಿರುವ ಒಂದು ನೆಲೆಗೆ ನೇರವಾಗಿ ಗುರಿಯಿಟ್ಟರೆ, ತೊರೆ ಸಿಕ್ಕಾಗ ನೆಲೆ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದು. ಮೊದಲೇ ಎಡಕ್ಕೆ ನಲವತ್ತು ಮೀಟರು ಓರೆಯಾಗಿ ಗುರಿಯಿಟ್ಟರೆ, ತೊರೆ ಮುಟ್ಟಿದೊಡನೆ ಬಲಕ್ಕೆ ತಿರುಗಿದರಾಯಿತು. ತಪ್ಪು ಆಗಿಯೇ ಆಗುತ್ತದೆಂದು ಮೊದಲೇ ಒಪ್ಪಿ, ಅದು ಯಾವ ಕಡೆಗೆ ಆಗಬೇಕೆಂಬುದನ್ನು ಮಾತ್ರ ತನ್ನ ವಶದಲ್ಲಿಟ್ಟುಕೊಳ್ಳುವ ಜಾಣತನವಿದು.

ನಾಲ್ಕನೆಯದು ಕಟ್ಟೆ. ನೆಲೆಯ ಆಚೆಗೆ ದೊಡ್ಡ ದಾರಿಯೋ ಕೆರೆಯೋ ಇದ್ದರೆ, ‘ಅದು ಕಂಡರೆ ಮುಂದೆ ಹೋದೆನೆಂದು ಅರ್ಥ’ ಎಂದು ಓಟಗಾರನು ಮುಂಚೆಯೇ ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳಬೇಕು. ಹೀಗೆ ಕಟ್ಟೆ ಕಟ್ಟಿಕೊಂಡವನ ತಪ್ಪು ಎಷ್ಟು ಹರಿದರೂ ಅಲ್ಲಿಗೆ ನಿಲ್ಲುವುದು.

ಇವೆಲ್ಲವೂ ಕೈಕೊಟ್ಟ ಮೇಲೆ ಉಳಿಯುವುದು ಒಂದೇ: ನಿಲ್ಲುವುದು. ಖಚಿತವಾಗಿ ತಿಳಿದಿದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತು ಓಡಿದೆ, ಯಾವ ದಿಕ್ಕಿಗೆ ಓಡಿದೆ ಎಂದು ತನ್ನನ್ನೇ ಕೇಳಿಕೊಳ್ಳುವುದು. ಬೇಕಾದರೆ ಆ ಜಾಗಕ್ಕೇ ಹಿಂದಿರುಗುವುದು. ಕೇಳಲು ಎಷ್ಟು ಸುಲಭವೋ ಮಾಡಲು ಅಷ್ಟೇ ಕಷ್ಟ. ಬಂದ ದಾರಿಗೆ ಬೆನ್ನು ತಿರುಗಿಸಿ ಹೋಗುವುದಕ್ಕೆ ಕಾಲು ಒಪ್ಪಿದರೂ ಅಭಿಮಾನ ಒಪ್ಪುವುದಿಲ್ಲ.

ಮುಂದಿನವನ ಬೆನ್ನು

ಒಬ್ಬೊಬ್ಬರನ್ನೇ ಕೆಲವು ನಿಮಿಷಗಳ ಅಂತರದಲ್ಲಿ ಬಿಡುವ ಓಟಗಳಲ್ಲಿ ಸ್ಪರ್ಧಿಯು ತನ್ನ ತಪ್ಪಿಗೆ ತಾನೇ ಹೊಣೆ. ರಿಲೇ ಓಟದ ಕಥೆ ಬೇರೆ. ಅಲ್ಲಿ ಎಲ್ಲ ತಂಡಗಳ ಮೊದಲಿಗರೂ ಏಕಕಾಲಕ್ಕೆ ಹೊರಡುತ್ತಾರೆ. ಫಿನ್‌ಲೆಂಡಿನಲ್ಲಿ 1949ರಿಂದ ನಡೆದುಬಂದಿರುವ ಯುಕೋಲಾ ರಿಲೇ ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅಲೆಕ್ಸಿಸ್ ಕಿವಿ ಎಂಬ ಲೇಖಕನ ‘ಏಳು ಸೋದರರು’ ಎಂಬ ಫಿನ್ನಿಷ್ ಕಾದಂಬರಿಯಲ್ಲಿ, ಓದು ಬರಹಕ್ಕೆ ಬೆನ್ನು ಹಾಕಿ ಕಾಡು ಸೇರುವ ಏಳು ಮಂದಿ ಅಣ್ಣತಮ್ಮಂದಿರ ಮನೆತನದ ಹೆಸರು ಯುಕೋಲಾ. ಆದ್ದರಿಂದಲೇ ತಂಡಕ್ಕೆ ಏಳು ಮಂದಿ. ರಾತ್ರಿ ಹನ್ನೊಂದು ಗಂಟೆಗೆ, ಹಣೆಗೆ ದೀಪ ಕಟ್ಟಿಕೊಂಡ ನೂರಾರು ಓಟಗಾರರು ಒಟ್ಟಿಗೆ ಕಾಡಿಗೆ ನುಗ್ಗುವ ದೃಶ್ಯ ನೋಡತಕ್ಕದ್ದು. ಹೆಂಗಸರಿಗಾಗಿ ವೆನ್ಲಾ ಎಂಬ ರಿಲೇ ಪ್ರತ್ಯೇಕವಾಗಿ ನಡೆಯುವುದು.

ಇಂಥ ಗುಂಪಿನಲ್ಲಿ ಹುಟ್ಟುವ ಆಸೆಯೆಂದರೆ, ನಕ್ಷೆಯನ್ನು ಬಿಟ್ಟು ಮುಂದಿನವನ ದೀಪವನ್ನು ಹಿಂಬಾಲಿಸುವುದು. ಇಷ್ಟು ಜನ ಹೋಗುತ್ತಿರುವಾಗ ದಾರಿ ಸರಿಯೇ ಇರಬೇಕೆಂದು ಪ್ರತಿಯೊಬ್ಬನೂ ಭಾವಿಸುವನು. ಎಲ್ಲರೂ ಹಾಗೆಯೇ ಭಾವಿಸಿರುವರೆಂಬುದು ಯಾರಿಗೂ ಹೊಳೆಯದು. ಸಂಘಟಕರು ಇದನ್ನು ಬಲ್ಲರು. ಆದ್ದರಿಂದ ತಂಡತಂಡಕ್ಕೆ ಕೆಲವು ನೆಲೆಗಳನ್ನು ಬದಲಿಸಿಯೇ ಮಾರ್ಗವನ್ನು ರಚಿಸುತ್ತಾರೆ. ಒಟ್ಟು ದೂರ ಎಲ್ಲರಿಗೂ ಸಮವಾಗಿ ಬರುವುದು. ಆದರೆ ಒಬ್ಬನ ಐದನೆಯ ನೆಲೆ ಇನ್ನೊಬ್ಬನದಲ್ಲ. ಮುಂದಿನವನ ಬೆನ್ನು ನಂಬಿ ಓಡಿದವನು ಅವನ ನೆಲೆಯನ್ನು ಸೇರಿ, ತನ್ನದನ್ನು ಕಳೆದುಕೊಂಡು ಪರದಾಡುವನು.

ಗೆಯೋರ್ಗಿಯುವಿನ ಮೂರು ಓಟಗಳು

ತಪ್ಪುಗಳನ್ನು ಜಯಿಸಿದವರು ಇಲ್ಲವೇ ಎಂದರೆ, ಬಹುಮಟ್ಟಿಗೆ ಜಯಿಸಿದವರಿದ್ದಾರೆ. ಸ್ವಿಟ್ಜರ್‌ಲೆಂಡಿನ ಸಿಮೋನ್ ನಿಗ್ಲಿ ಎಂಬಾಕೆ 2003ರಲ್ಲಿ ತನ್ನ ದೇಶದಲ್ಲಿಯೂ 2005ರಲ್ಲಿ ಜಪಾನಿನಲ್ಲಿಯೂ ನಡೆದ ವಿಶ್ವಚಾಂಪಿಯನ್‌ಷಿಪ್ಪುಗಳಲ್ಲಿ ಹೆಂಗಸರ ನಾಲ್ಕಕ್ಕೆ ನಾಲ್ಕೂ ಚಿನ್ನದ ಪದಕಗಳನ್ನು ಗೆದ್ದಳು. ಆಕೆ ಗಳಿಸಿದ ವಿಶ್ವ ಪ್ರಶಸ್ತಿಗಳು ಒಟ್ಟು 23. ಗಂಡಸರಲ್ಲಿ ಫ್ರಾನ್ಸಿನ ತಿಯೆರಿ ಗೆಯೋರ್ಗಿಯು ಹೆಸರಾದವನು. ಮಧ್ಯಮ ದೂರದ ಓಟ ಮುಗಿಯುವುದು ಸುಮಾರು ಅರ್ಧ ಗಂಟೆಯಲ್ಲಿ. ಒಂದೇ ತಪ್ಪು ಸಾಕು, ಪದಕ ಹೋಯಿತು. ಅಂಥ ಓಟದಲ್ಲಿ ಆತನು 2003, 2004, 2005ರಲ್ಲಿ ಸತತವಾಗಿ ಗೆದ್ದು, 2006ರಲ್ಲಿ ಸೋತು, 2007ರಿಂದ 2009ರವರೆಗೆ ಮತ್ತೆ ಮೂರು ಸಲ ಗೆದ್ದನು. ಪೂರ್ಣ ವೇಗ, ಒಂದೂ ತಪ್ಪಿಲ್ಲ ಎಂಬುದೇ ಆತನ ಧ್ಯೇಯವಾಗಿತ್ತು.

ಆದರೆ ರಿಲೇ ಓಟದಲ್ಲಿ ವಿಧಿ ಆತನಿಗೆ ಬೇರೊಂದು ಪಾಠವನ್ನು ಕಾದಿರಿಸಿತ್ತು. 2008ರಲ್ಲಿ ಚೆಕ್ ಗಣರಾಜ್ಯದ ಓಲೊಮೋತ್ಸಿನಲ್ಲಿ ಕೊನೆಯ ಸರದಿಯನ್ನು ಓಡುತ್ತಿದ್ದ ಗೆಯೋರ್ಗಿಯು ಎಲ್ಲರಿಗಿಂತ ಮುಂದಿದ್ದನು. ಏದುಸಿರು ಬಿಡುತ್ತಿದ್ದ ಆತನ ಬಾಯಿಗೆ ಜೇನುಹುಳವೊಂದು ಹೊಕ್ಕು ಕುಟುಕಿತು. ಬಾಯಿ ಗಂಟಲು ಊದಿಕೊಂಡು ಉಸಿರಾಟವೇ ಕಷ್ಟವಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಿನ್ನ ಬ್ರಿಟನ್ನಿನ ಪಾಲಾಯಿತು. ನಕ್ಷೆಯನ್ನು ಎಷ್ಟು ಚೆನ್ನಾಗಿ ಓದಿದರೂ ಅದರಲ್ಲಿ ಬರೆಯದೆ ಉಳಿಯುವ ಸಂಗತಿಗಳು ಇದ್ದೇ ಇರುತ್ತವೆ.

ಮರುವರ್ಷ ಹಂಗೆರಿಯ ಮಿಶ್ಕೋಲ್ಟ್ಸಿನಲ್ಲಿ ಮತ್ತೆ ರಿಲೇ. ಮತ್ತೆ ಕೊನೆಯ ಸರದಿ. ಪದಕಕ್ಕಾಗಿ ಓಡುತ್ತಿದ್ದವರ ಮುಂಚೂಣಿಯಲ್ಲಿ ಗೆಯೋರ್ಗಿಯು, ನಾರ್ವೆಯ ಆಂಡರ್ಸ್ ನೂರ್ಡ್‌ಬರ್ಗ್, ಚೆಕ್ ತಂಡದ ಮಿಖಾಲ್ ಸ್ಮೋಲಾ ಮತ್ತು ಸ್ವೀಡನ್ನಿನ ಮಾರ್ಟಿನ್ ಯೂಹಾನ್ಸನ್ ಇದ್ದರು. ಓಡುತ್ತಿದ್ದ ಯೂಹಾನ್ಸನ್ನನ ತೊಡೆಗೆ ಮರದ ಕಡ್ಡಿಯೊಂದು ಸುಮಾರು 12 ಸೆಂಟಿಮೀಟರು ಆಳಕ್ಕೆ ಹೊಕ್ಕಿತು. ಕಾಡಿನ ನಡುವೆ, ವೈದ್ಯರು ದೂರವಿರುವ ಜಾಗದಲ್ಲಿ ಆತನು ಬಿದ್ದನು. ಉಳಿದ ಮೂವರ ಮುಂದೆ ವಿಶ್ವಪದಕವಿತ್ತು. ವರ್ಷಗಟ್ಟಲೆಯ ಸಾಧನೆ, ತಮ್ಮ ತಮ್ಮ ತಂಡದ ಇಬ್ಬಿಬ್ಬರ ಶ್ರಮ ಅವರ ಹೆಗಲ ಮೇಲಿತ್ತು. ಮೂವರೂ ನಿಂತರು. ಗಾಯಕ್ಕೆ ಬಟ್ಟೆಯೊತ್ತಿ, ಸಹಾಯವನ್ನು ಬರಮಾಡಿಕೊಂಡು, ಗೆಳೆಯನು ಸುರಕ್ಷಿತವಾದ ಕೈಗಳಿಗೆ ಸೇರುವಂತೆ ಮಾಡಿದರು. ಅಷ್ಟರಲ್ಲಿ ಹಿಂದಿದ್ದ ತಂಡಗಳು ಮುಂದೆ ಹೋಗಿದ್ದವು. ಚಿನ್ನವನ್ನು ಸ್ವಿಟ್ಜರ್‌ಲೆಂಡ್ ಗೆದ್ದಿತು. ನಾಲ್ಕು ತಂಡಗಳಿಗೂ ಪದಕ ತಪ್ಪಿತು.

ಗಾಯಗೊಂಡವರಿಗೆ ನೆರವಾಗುವುದು ಎಲ್ಲ ಸ್ಪರ್ಧಿಗಳ ಕರ್ತವ್ಯವೆಂದು ಈ ಕ್ರೀಡೆಯ ನಿಯಮಾವಳಿಯಲ್ಲಿಯೇ ಬರೆದಿದೆ. ಆದರೆ ಮುಂದೆ ಚಿನ್ನ ಹೊಳೆಯುತ್ತಿರುವಾಗ ನಿಯಮದ ಪುಸ್ತಕ ಯಾರ ಕಾಲನ್ನೂ ಹಿಡಿದು ನಿಲ್ಲಿಸದು. ನಿಲ್ಲಬೇಕಾದಾಗ ನಿಲ್ಲುವ ಅಭ್ಯಾಸ ಅವರಿಗೆ ಮೊದಲೇ ಮೈಗೂಡಿತ್ತು. ತಾನು ಹೋಗುತ್ತಿರುವ ದಾರಿ ಸರಿಯೇ ಎಂದು ಗಳಿಗೆಗೊಮ್ಮೆ ಕೇಳಿಕೊಳ್ಳುವವನಿಗೆ, ಹೋಗುವುದು ಸರಿಯೇ ಎಂಬ ಪ್ರಶ್ನೆ ಎದುರಾದಾಗ ಉತ್ತರ ತಡವಾಗಲಿಲ್ಲ.

ಮೂರನೆಯ ಓಟ 2011ರಲ್ಲಿ ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ ನಡೆಯಿತು. ಅಲ್ಲಿ ಫ್ರಾನ್ಸಿನ ರಿಲೇ ತಂಡ ಚಿನ್ನವನ್ನು ಗೆದ್ದಿತು; ಆ ತಂಡದಲ್ಲಿ ಗೆಯೋರ್ಗಿಯು ಇದ್ದನು.

ಓಟ ಮುಗಿದ ಮೇಲೆ

ಈ ಕ್ರೀಡೆಯ ಅತ್ಯಂತ ಹಿತವಾದ ಭಾಗ ಓಟ ಮುಗಿದ ಮೇಲೆ ಆರಂಭವಾಗುವುದು. ಕೆಸರು ಮೆತ್ತಿದ ಬಟ್ಟೆಯಲ್ಲಿಯೇ ಸ್ಪರ್ಧಿಗಳು ಗುಂಪುಗೂಡಿ, ತಂತಮ್ಮ ನಕ್ಷೆಗಳನ್ನು ಹರಡಿಕೊಂಡು, ತಾವು ಓಡಿದ ದಾರಿಯನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ಒಂದು ನೆಲೆಯಿಂದ ಇನ್ನೊಂದಕ್ಕೆ ಯಾರಿಗೆ ಎಷ್ಟು ಹೊತ್ತು ಹಿಡಿಯಿತೆಂಬ ಪಟ್ಟಿ ಅಲ್ಲಿಯೇ ಸಿಗುವುದು. ಆದ್ದರಿಂದ ಯಾವ ತಪ್ಪನ್ನೂ ಬಚ್ಚಿಡಲಾಗದು. ಗೆದ್ದವನು ಏಳನೆಯ ನೆಲೆಯ ಬಳಿ ತಾನು ಪೊದೆಯಲ್ಲಿ ಸಿಕ್ಕಿಕೊಂಡದ್ದನ್ನು ಹೇಳುವನು. ಕೊನೆಯವನು ಅದೇ ಜಾಗವನ್ನು ತಾನು ಸುಲಭವಾಗಿ ದಾಟಿದ್ದನ್ನು ಹೇಳುವನು. ತಪ್ಪು ಇಲ್ಲಿ ನಾಚಿಕೆಯ ವಿಷಯವಲ್ಲ, ಹಂಚಿಕೊಳ್ಳುವ ಸರಕು.

ಇದರಲ್ಲಿ ಮಕ್ಕಳಿಗೂ ಮುದುಕರಿಗೂ ಎಡೆಯುಂಟು. ಸ್ವೀಡನ್ನಿನಲ್ಲಿ ಓರಿಯೆಂಟಿಯರಿಂಗ್ ಶಾಲೆಯ ಪಾಠಕ್ರಮದಲ್ಲಿಯೇ ಸೇರಿದೆ. ಅಲ್ಲಿ 1965ರಲ್ಲಿ ಆರಂಭವಾದ ‘ಓ-ರಿಂಗೆನ್’ ಎಂಬ ಐದು ದಿನಗಳ ಓಟದ ಹಬ್ಬಕ್ಕೆ 1985ರಲ್ಲಿ ಫಾಲೂನ್ ಪಟ್ಟಣದಲ್ಲಿ ಸುಮಾರು 25,000 ಜನ ಸೇರಿದ್ದರು. ತಂದೆ ಒಂದು ಮಾರ್ಗದಲ್ಲಿ, ತಾಯಿ ಇನ್ನೊಂದರಲ್ಲಿ, ಅಜ್ಜ ಅಜ್ಜಿಯರು ತಮ್ಮ ವಯಸ್ಸಿನವರ ಗುಂಪಿನಲ್ಲಿ ಓಡುವರು. ಇನ್ನೂ ಓದು ಬಾರದ ಕೂಸುಗಳಿಗೆ ಮರದಿಂದ ಮರಕ್ಕೆ ದಾರ ಕಟ್ಟಿದ ಪುಟ್ಟ ಮಾರ್ಗವನ್ನು ಮಾಡಿರುವುದುಂಟು. ದಾರವನ್ನು ಹಿಡಿದು ಹೋದರೆ ನೆಲೆಗಳು ಸಿಕ್ಕುತ್ತವೆ. ದೊಡ್ಡವರಾದಂತೆ ದಾರವನ್ನು ಬಿಟ್ಟು ನಕ್ಷೆಯನ್ನು ಹಿಡಿಯುವರು. ಆಗ ಮೊದಲ ಸಲ ದಾರಿ ತಪ್ಪುವರು, ಅಳುವರು, ನಿಲ್ಲುವರು, ಸುತ್ತ ನೋಡುವರು, ಮತ್ತೆ ಹೊರಡುವರು.

ಈ ಪಂದ್ಯದ ಇನ್ನೊಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ದಾರಿ ಸಿಗದೆ ಓಟವನ್ನು ಅರ್ಧಕ್ಕೇ ಬಿಟ್ಟವನು ಮನೆಗೆ ಹೋಗಿಬಿಡುವಂತಿಲ್ಲ. ಅಂತ್ಯಸ್ಥಾನಕ್ಕೆ ಬಂದು ತಾನು ಬಂದಿರುವುದನ್ನು ತಿಳಿಸಿಯೇ ಹೋಗಬೇಕು. ಇಲ್ಲದಿದ್ದರೆ ಆತನನ್ನು ಹುಡುಕಲು ಜನ ಕಾಡಿಗೆ ಹೊರಡಬೇಕಾಗುವುದು. ಪದಕಗಳನ್ನು ಹಂಚಿಯಾಗಿದ್ದರೂ ಸಂಘಟಕರು ಪಟ್ಟಿಯನ್ನು ಹಿಡಿದು ಕಾದಿರುತ್ತಾರೆ. ಕೊನೆಯ ಹೆಸರಿಗೂ ಗುರುತು ಬಿದ್ದ ಮೇಲೆಯೇ ಅವರು ಕಾಡಿನಿಂದ ಕಿತ್ತಳೆ ಬಣ್ಣದ ಗುರುತುಗಳನ್ನು ಒಂದೊಂದಾಗಿ ಬಿಚ್ಚಿ ತರುವುದು.